ಕಡಲ ತಳಕ್ಕೆ ತಾಂಡವಪುರದ ರಿಂಗು

ತಾಂಡವಪುರ

ಫಾರಿನ್ನಿಗೆ ಹೋಗಿ ಬಂದವರೆಲ್ಲ ಅಲ್ಲಿಯ ರಸ್ತೆಯಲ್ಲಿ ಒಂದು ಕಡ್ಡಿ ಕಸ ಇರಲಿಲ್ಲ ಅಂತಲೇ ಶುರು ಮಾಡುತ್ತಾರೆ. ನಾನು ಹೋಗಿದ್ದ ಊರಲ್ಲಿ ಬೇಕಾದಷ್ಟು ಕಸ ಇತ್ತು. ಮೀನಿನ ತಲೆ, ಹರಿದ ಬಲೆ, ತೆಂಗಿನ ಚಿಪ್ಪು, ಜೊತೆಗೆ ನನ್ನ ಬಾಮೈದ ಸಿದ್ದರಾಜು. ಆದ್ದರಿಂದ ನೀವು ಹೊಟ್ಟೆಕಿಚ್ಚು ಪಡದೆ ಓದಬಹುದು.

ನನ್ನ ಕಸುಬು ಬಾವಿಗೆ ಸಿಮೆಂಟ್ ರಿಂಗು ಮಾಡೋದು. ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ತಾಂಡವಪುರದ ಹತ್ತಿರ ರಸ್ತೆ ಬದಿಯಲ್ಲಿ ರಿಂಗುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಅದು ನಮ್ಮ ಅಂಗಳ. ನಮ್ಮಪ್ಪ ಮಾಡಿದ ರಿಂಗು ಹೆಮ್ಮರಗಾಲದ ಬಾವಿಗಳಲ್ಲಿ ಇವತ್ತಿಗೂ ಕೂದಲೆಳೆಯಷ್ಟು ಬಿರುಕಿಲ್ಲದೆ ಕೂತಿವೆ. ನಮ್ಮ ಮಾಲಿನ ಹೆಚ್ಚುಗಾರಿಕೆ ಅಂದರೆ ನುಣುಪು. ಅಚ್ಚು ಬಿಚ್ಚಿದ ಮೇಲೆ ಸಿಮೆಂಟಿನ ಗಂಜಿ ಬಳಿದು, ಕರಣೆಯಲ್ಲಿ ತೀಡಿ, ಒದ್ದೆ ಗೋಣಿತಾಟಿನಲ್ಲಿ ಉಜ್ಜಿ, ಮತ್ತೆ ಕರಣೆ ಆಡಿಸಬೇಕು. ಕೈಯಿಟ್ಟರೆ ಜಾರಬೇಕು. ನುಣುಪಿದ್ದರೆ ಪಾಚಿ ಕಟ್ಟೋಲ್ಲ, ಹಗ್ಗ ಸವೆಯೋಲ್ಲ, ಕೊಡ ತಗುಲಿ ನೆಗ್ಗೋಲ್ಲ. ಎಲ್ಲ ಮುಗಿದ ಮೇಲೆ, ಹಸಿ ಇರುವಾಗಲೇ ಮೊಳೆಯಲ್ಲಿ ಆಳವಾಗಿ ಹೆಸರು ಗೀರುತ್ತೇನೆ. ಪುಟ್ಟಸ್ವಾಮಿ, ತಾಂಡವಪುರ. ಇದು ನಮ್ಮಪ್ಪನ ಕಾಲದ ಪದ್ಧತಿ, ಅವನು ತನ್ನ ಹೆಸರು ಗೀರುತ್ತಿದ್ದ.

ಎರಡು ಸಾವಿರನೇ ಇಸವಿ ದಾಟುವ ಹೊತ್ತಿಗೆ ಬೋರ್‌ವೆಲ್ ಲಾರಿಗಳು ಹಳ್ಳಿಹಳ್ಳಿಗೂ ನುಗ್ಗಿ, ಬಾವಿ ತೋಡಿಸುವವರೇ ಇಲ್ಲವಾದರು. ನಮ್ಮ ರಿಂಗು ಕೇಳಿಕೊಂಡು ಬರುತ್ತಿದ್ದವರು ಕಕ್ಕಸು ಗುಂಡಿಗೆ ಮಾತ್ರ. ಗುಂಡಿಗೆ ಯಾಕೆ ಸ್ವಾಮಿ ಇಷ್ಟು ನುಣುಪು ಅಂತ ಅವರೂ ನಗುತ್ತಿದ್ದರು. ಅಂಥ ಹೊತ್ತಿನಲ್ಲಿ ಎದುರಿನ ಎಸ್‌ಟಿಡಿ ಬೂತಿಗೆ ಸಿದ್ದರಾಜುವಿನ ಫೋನು ಬಂತು. ಇವನು ನನ್ನ ಹೆಂಡತಿ ಮಹದೇವಮ್ಮನ ತಮ್ಮ. ಡಿಪ್ಲೊಮಾ ಓದಿ ಮಲೇಶಿಯಾದಲ್ಲಿ ಯಾವನೋ ಕಂತ್ರಾಟುದಾರನ ಹತ್ತಿರ ಸೂಪರ್‌ವೈಸರ್ ಆಗಿದ್ದ. ಅವರಿಗೆ ಹೊಸ ಕೆಲಸ ಸಿಕ್ಕಿದೆಯಂತೆ. ದಡದ ಹತ್ತಿರ ಕಡಲ ತಳದಲ್ಲಿ ದೊಡ್ಡ ದೊಡ್ಡ ಸಿಮೆಂಟ್ ರಿಂಗುಗಳನ್ನು ಗುಡ್ಡೆ ಹಾಕುವುದು, ಅದರಲ್ಲಿ ಮೀನು ಬಂದು ಸೇರಿಕೊಳ್ಳುವುದು. ಅಲ್ಲಿಯವರಿಗೆ ಇಪ್ಪತ್ತು ಅಂತಸ್ತಿನ ಮನೆ ಕಟ್ಟಲು ಬರುತ್ತದೆ, ದುಂಡಗೆ ಒಂದು ರಿಂಗು ಎತ್ತಲು ಬರುವುದಿಲ್ಲ. ಎರಡು ಮೂರು ತಿಂಗಳು ಬಂದು ಹೋಗಿ ಬಾವ ಅಂದ.

ಮೀನಿಗೆ ಮನೆ ಕಟ್ಟಿಕೊಡುವ ಸರ್ಕಾರವೂ ಇದೆಯಲ್ಲ ಅಂತ ನಾನು ಬೂತಿನಲ್ಲೇ ನಕ್ಕೆ. ನರಸೀಪುರದಲ್ಲಿ ಕಪಿಲೆ ಕಾವೇರಿ ಕೂಡುವ ಕಡೆ ಬಲೆ ಬೀಸುವವರು ಬೇಸಿಗೆಯಲ್ಲಿ ಮಡುವಿಗೆ ಜಾಲಿಕಂಟಿ ಹಾಕಿ, ಮೇಲೆ ಕಲ್ಲು ಹೇರುತ್ತಾರೆ. ಸ್ವಲ್ಪ ದಿನಕ್ಕೆ ಗೆಂಡೆ, ಜಿಲೇಬಿ ಮೀನು ಎಲ್ಲ ಅದರೊಳಗೆ ಸಂಸಾರ ಹೂಡಿರುತ್ತವೆ. ಅದಕ್ಕೆ ಇಂಜಿನಿಯರೂ ಬೇಡ, ಟೆಂಡರೂ ಬೇಡ, ಒಂದು ಮಚ್ಚು ಸಾಕು.

ಹೊರಡುವಾಗ ಮಹದೇವಮ್ಮ ನನಗೆ ಚಟ್ನಿಪುಡಿ, ಹುಣಸೆಹಣ್ಣು, ತಮ್ಮನಿಗೆ ಹುರಿಗಡಲೆ ಉಂಡೆ ಕಟ್ಟಿ, ಒಂದು ಮಾತು ಹೇಳಿದಳು. "ನಿಮ್ ಬಾಯಿ ಸುಮ್ಕಿರಾಕಿಲ್ಲ ಅಂತ ನಂಗೊತ್ತು. ಬೈಯ್ಯಂಗಿದ್ರೆ ಕನ್ನಡದಲ್ಲೇ ಬೈಯ್ರಿ. ನಮ್ ಸಿದ್ದನ ಮಾನ ಮಾತ್ರ ಕಳೀಬ್ಯಾಡಿ."

ವಿಮಾನ

ನಮ್ಮಪ್ಪನ ಕರಣೆಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ತಪಾಸಣೆಯವನು ಅದನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಮೂತಿ ಚೂಪಾಗಿದೆಯಂತೆ. ಚೂಪಿಲ್ಲದೆ ಮೂಲೆಗೆ ಗಾರೆ ಹೇಗಪ್ಪ ಹೋಗುತ್ತೆ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಅವನ ಮೇಲಿನವನಿಗೂ ಆಗಲಿಲ್ಲ. ಕೊನೆಗೆ ಕರಣೆಗೆ ಒಂದು ಕಾಗದದ ಪೆಟ್ಟಿಗೆ ಮಾಡಿ, ನನ್ನ ಹೆಸರಿನ ಚೀಟಿ ಅಂಟಿಸಿ, ಕೆಳಗೆ ಸಾಮಾನಿನ ಜೊತೆ ಕಳಿಸಿದರು. ಇಡೀ ವಿಮಾನದಲ್ಲಿ ಒಂಟಿಯಾಗಿ ಒಂದು ಪೆಟ್ಟಿಗೆಯಲ್ಲಿ ಕಾಲು ಚಾಚಿಕೊಂಡು ಪ್ರಯಾಣ ಮಾಡಿದ್ದು ನಮ್ಮಪ್ಪನ ಕರಣೆ ಒಂದೇ. ನಾನು ಇಬ್ಬರು ದಪ್ಪನೆಯವರ ನಡುವೆ ಹಿಂಡಿ ಹೋಗಿದ್ದೆ.

ಊಟಕ್ಕೆ ಕೊಟ್ಟ ಬನ್ನು ಎಷ್ಟು ಸಣ್ಣದಾಗಿತ್ತು ಅಂದರೆ, ನಮ್ಮ ಕಡೆ ಮಕ್ಕಳು ಅದರಲ್ಲಿ ಗೋಲಿ ಆಡುತ್ತಿದ್ದವು. ಮತ್ತೊಂದು ಕೊಡಮ್ಮ ಅಂದರೆ ಆ ಹುಡುಗಿ ನಕ್ಕಳು, ಕೊಡಲಿಲ್ಲ. ನಗು ಮಾತ್ರ ಇಳಿಯುವ ತನಕ ಧಾರಾಳವಾಗಿ ಕೊಟ್ಟರು.

ಕಡಲ ದಂಡೆ

ದೊಡ್ಡ ಊರಿನಿಂದ ಅರ್ಧ ದಿನ ಬಸ್ಸಿನಲ್ಲಿ ಕೂತು ಸಿದ್ದರಾಜು ಇದ್ದ ಹಳ್ಳಿಗೆ ಹೋದೆ. ಪೂರ್ವದ ಕರಾವಳಿ, ಸಾಲು ತೆಂಗು, ಕಂಬದ ಮೇಲೆ ನಿಂತ ಮರದ ಮನೆಗಳು. ಕಡಲು ಅಂದರೆ ಏನೋ ಎಂತೋ ಅಂದುಕೊಂಡಿದ್ದೆ. ಕುಡಿಯಲು ಬಾರದ ಇಷ್ಟೊಂದು ನೀರನ್ನು ಒಂದೇ ಕಡೆ ಕೂಡಿಟ್ಟಿರುವುದು ನೋಡಿ ನನಗೆ ಭಕ್ತಿಯೇನೂ ಬರಲಿಲ್ಲ.

ಅಲ್ಲಿಯ ಜನಕ್ಕೆ ಯಾವ ಮಾತಿಗೂ ಕೊನೆಯಲ್ಲಿ ಒಂದು 'ಲಾ' ಸೇರಿಸುವ ಚಾಳಿ. ಬಾ ಲಾ, ಕೂತ್ಕೊ ಲಾ, ಪರವಾಗಿಲ್ಲ ಲಾ. ನಮ್ಮ ನಂಜನಗೂಡಿನಲ್ಲೂ ಲಾ ಅನ್ನುತ್ತೇವೆ. ಆದರೆ ಜೊತೆಗಾರರಿಗೆ ಅನ್ನುತ್ತೇವೆ, ಹೆಣ್ಣುಮಗಳು ಬಂದು ದೊಡ್ಡವರಿಗೆ ಅನ್ನೋದಿಲ್ಲ. ಚಹಾದ ಅಂಗಡಿಯ ಹುಡುಗಿ ಬಂದು ನನಗೆ ಲಾ ಅಂದಾಗ ಸಿದ್ದರಾಜು ನನ್ನ ಮುಖ ನೋಡಿ, ಅದು ಮರ್ಯಾದೆ ಬಾವ, ಸುಮ್ನೆ ಕುಡೀರಿ ಅಂದ.

ನಾವು ಇದ್ದದ್ದು ಪಾಕ್ ದಿನ್ ಮನೆಯಲ್ಲಿ. ಪಾಕ್ ಅಂದರೆ ಅವರಲ್ಲಿ ಅಪ್ಪಾಜಿ ಅಂದ ಹಾಗೆ. ಅರವತ್ತರ ಮೇಲಿನ ಬೆಸ್ತ, ಊರ ಮೀನುಗಾರರಿಗೆಲ್ಲ ಹಿರಿಯ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವನ ಹೆಂಡತಿ ಮಕ್ ಸೋಮ್. ಮಕ್ ಅಂದರೆ ಅಮ್ಮ. ಸೋಮ ಅನ್ನುವುದು ನಮ್ಮಲ್ಲಿ ಗಂಡಸಿನ ಹೆಸರು ಅಂತ ಮೊದಲನೇ ದಿನವೇ ತಿಳಿಸಿ ಹೇಳಿದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಬೆಳಿಗ್ಗೆ ಎದ್ದರೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಅದರ ಮೇಲೆ ಹುರಿದ ಪುಡಿಮೀನು, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ಗೊಜ್ಜು. ಹಲ್ಲುಜ್ಜಿದ ಬಾಯಿಗೆ ಮೀನು ಇಡುವುದು ಯಾವ ಸೀಮೆ ಸಂಸ್ಕೃತಿಯೋ ಕಾಣೆ. ಮೀನು ತಿನ್ನದವನಲ್ಲ ನಾನು. ನಮ್ಮದು ಹೊಳೆಮೀನು, ಅದಕ್ಕೆ ಉಪ್ಪು ನಾವು ಹಾಕುತ್ತೇವೆ. ಕಡಲ ಮೀನು ಉಪ್ಪು ತಾನೇ ಹಾಕಿಕೊಂಡು ಬಂದು, ಅಡುಗೆಯವಳಿಗೆ ಕೆಲಸ ಉಳಿಸಿದೆನೆಂದು ಬೀಗುತ್ತದೆ.

ಗೊಜ್ಜು ಮಾತ್ರ ತರಿತರಿಯಾಗಿ, ಬೀಜ ಬೀಜವಾಗಿ ಇರುತ್ತಿತ್ತು. ಒಂದು ದಿನ ಅಡುಗೆಮನೆಗೆ ಇಣುಕಿದರೆ ಕಾರಣ ತಿಳಿಯಿತು. ಆಕೆಯ ಅರೆಯುವ ಕಲ್ಲು ಸವೆದು ಸವೆದು ಗಾಜಾಗಿತ್ತು. ಮೆಣಸಿನಕಾಯಿ ಅದರ ಮೇಲೆ ಜಾರುಬಂಡೆ ಆಡುತ್ತಿತ್ತು. ನಮ್ಮೂರಲ್ಲಿ ಕಲ್ಲು ನುಣ್ಣಗಾದರೆ ಉಳಿ ಸುತ್ತಿಗೆಯಲ್ಲಿ ಕುಟ್ಟಿಸಿ ಮುಳ್ಳು ಮಾಡಿಸುತ್ತೇವೆ, ಕುಟ್ಟುವವರು ಬೀದಿಯಲ್ಲಿ ಕೂಗಿಕೊಂಡೇ ಬರುತ್ತಾರೆ. ಈ ದೇಶದಲ್ಲಿ ಅಷ್ಟೂ ತಿಳಿಯದಲ್ಲ ಅಂತ ಸಿದ್ದರಾಜುವಿನ ಉಳಿ ತಂದು ಅರ್ಧ ಗಂಟೆಯಲ್ಲಿ ಕಲ್ಲು ಕುಟ್ಟಿಕೊಟ್ಟೆ. ಮಕ್ ಸೋಮ್ ಅದರ ಮೇಲೆ ಅಂಗೈ ಆಡಿಸಿ ನೋಡಿದಳು. ಮಾರನೇ ದಿನದ ಗೊಜ್ಜು ಬೆಣ್ಣೆ. ಇಷ್ಟು ವರ್ಷ ಸಂಸಾರ ಮಾಡಿ ಕಲ್ಲು ಒರಟಾಗಿರಬೇಕು ಅಂತ ಗೊತ್ತಿಲ್ಲವಲ್ಲ ಅಂತ ಸಿದ್ದರಾಜುವಿನ ಹತ್ತಿರ ಆಡಿಕೊಂಡು ನಕ್ಕೆ.

ಈ ರಿಂಗಿನ ಕೆಲಸ ಯಾರಿಗೆ ಬೇಕಾಗಿತ್ತು ಅನ್ನುವುದು ದಂಡೆಯಲ್ಲಿ ನಿಂತ ದೋಣಿ ನೋಡಿದಾಗ ಗೊತ್ತಾಯಿತು. ಆ ಊರಿನ ದೋಣಿಗಳ ಮೂತಿಗೆಲ್ಲ ಬಣ್ಣಬಣ್ಣದ ಹೂಬಳ್ಳಿ, ಹಕ್ಕಿ. ಪಾಕ್ ದಿನ್ ದೋಣಿ ಮಾತ್ರ ಬಣ್ಣ ಎದ್ದು, ಹಲಗೆ ಬಿಳಿಚಿಕೊಂಡಿತ್ತು. ಮುದುಕನಿಗೆ ಮೈಗಳ್ಳತನ ಅಂದೆ. ಅಲ್ಲ ಬಾವ, ಮಾರಿಬಿಡೋ ದೋಣಿಗೆ ಯಾರು ಬಣ್ಣ ಬಳೀತಾರೆ ಅಂದ ಸಿದ್ದರಾಜು. ದೊಡ್ಡ ಎಂಜಿನ್ನಿನ ದೋಣಿಗಳು ಕಡಲ ತಳವನ್ನೇ ಗುಡಿಸುವ ಬಲೆ ಕಟ್ಟಿಕೊಂಡು, ಕಾನೂನು ಮೀರಿ ದಡದ ಹತ್ತಿರಕ್ಕೇ ಬಂದು, ಮರಿ ಮೊಟ್ಟೆ ಬಿಡದಂತೆ ಬಾಚಿಕೊಂಡು ಹೋಗುತ್ತಿದ್ದವಂತೆ. ಸಣ್ಣ ದೋಣಿಯವರಿಗೆ ಉಳಿಯುತ್ತಿದ್ದದ್ದು ಕೆಸರು. ಪಾಕ್ ದಿನ್ ತಮ್ಮಂದಿರು ಆಗಲೇ ದೋಣಿ ಮಾರಿ ಪೇಟೆಯ ಫ್ಯಾಕ್ಟರಿಗೆ ಕಾವಲಿಗೆ ಹೋಗಿದ್ದರು. ತಳದಲ್ಲಿ ಸಿಮೆಂಟಿನ ಗುಡ್ಡೆ ಬಿದ್ದರೆ ಗುಡಿಸುವ ಬಲೆ ಸಿಕ್ಕಿ ಹರಿಯುತ್ತದೆ, ಅವರು ಹತ್ತಿರ ಬರುವುದಿಲ್ಲ, ಮೀನು ನಿಲ್ಲುತ್ತದೆ. ಇದಕ್ಕಾಗಿ ಮುದುಕ ಮೂರು ವರ್ಷ ಕಚೇರಿ ಸುತ್ತಿದ್ದ.

ರಿಂಗು ಹೊತ್ತು ಕಡಲಿಗೆ ಇಳಿಸಲು ದೊಡ್ಡ ಬಂದರಿನಿಂದ ಬಾರ್ಜು ಬರಬೇಕು, ಚಪ್ಪಟೆ ತಳದ ಹಡಗು. ಅದು ಬರುವುದು ಒಂದೇ ಸಲ. ಆಮೇಲೆ ವರ್ಷದ ಕೊನೆಯ ಗಾಳಿಮಳೆ ಶುರುವಾದರೆ ಕಡಲಿಗೆ ಇಳಿಯುವ ಹಾಗಿಲ್ಲ. ಬಾರ್ಜು ಬರಿಗೈಯಲ್ಲಿ ಹೋದರೆ ಮುದುಕನೂ ದೋಣಿ ಕೊಟ್ಟು ಕಾವಲಿಗೆ ಹೋಗುವುದೆಂದು ನಿರ್ಧಾರ ಆಗಿತ್ತು.

ಅಂಗಳ

ರಿಂಗು ಮಾಡುವ ಅಂಗಳ ಕಡಲಿಗೆ ಅಂಟಿಕೊಂಡೇ ಇತ್ತು. ಕೆಲಸಕ್ಕೆ ನಾಲ್ಕಾರು ದೇಶದ ಆಳುಗಳು, ಅವರವರಿಗೇ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅಚ್ಚು ನೋಡಿ ನಾನು ಹಣೆ ಚಚ್ಚಿಕೊಂಡೆ. ರಿಂಗಿನ ಮೈಯಲ್ಲಿ ಸುತ್ತಲೂ ತಲೆ ತೂರುವಷ್ಟು ತೂತು ಬಿಡಬೇಕಂತೆ, ಮೀನು ಹೋಗಿ ಬಂದು ಮಾಡಲಿಕ್ಕೆ. ತೂತಿನ ರಿಂಗು ಕೊಟ್ಟರೆ ನಂಜನಗೂಡು ತಾಲ್ಲೂಕಿನಲ್ಲಿ ಕಂಬಕ್ಕೆ ಕಟ್ಟಿ ಕೇಳುತ್ತಾರೆ. ಅಚ್ಚಿಗೆ ಸವರಲು ಸುಟ್ಟ ಎಂಜಿನ್ ಆಯಿಲ್ ಕೇಳಿದರೆ ಕೊಬ್ಬರಿ ಎಣ್ಣೆ ಕೊಟ್ಟರು. ಆಯಿಲ್ ಕಡಲಿಗೆ ವಿಷವಂತೆ. ಮಹದೇವಮ್ಮ ತಲೆಗೂ ಅಷ್ಟು ಎಣ್ಣೆ ಹಾಕಿಕೊಂಡವಳಲ್ಲ.

ನಾನು ಕೈ ಹಾಕಿದ ಮೇಲೆ ರಿಂಗು ದುಂಡಗೆ ಏಳತೊಡಗಿತು. ಸಿದ್ದರಾಜುವಿಗೆ ಜೀವ ಬಂತು. ಬಾರ್ಜಿನ ಏರ್ಪಾಟಿಗೆ ಬಂದರಿಗೆ ಹೊರಟು ನಿಂತವನು ಬೈಕಿನ ಮೇಲಿಂದಲೇ ಹೇಳಿದ: "ಬಾವ, ಅಚ್ಚು ಬಿಚ್ಚುದ್ ಮೇಲೆ ಅದ್ರ ತಂಟೆಗೆ ಓಗ್ಬ್ಯಾಡಿ. ಎಂಗಿದ್ದದೋ ಅಂಗೇ ಬುಟ್ಬುಡಿ."

ನೋಡಿ, ಇಲ್ಲಿ ನನಗೆ ಕಂತ್ರಾಟುದಾರರ ಬುದ್ಧಿ ಗೊತ್ತು. ಕಾಲುವೆ ಕೆಲಸದಿಂದ ಹಿಡಿದು ಸ್ಕೂಲ್ ಕಾಂಪೌಂಡಿನ ತನಕ ಫಿನಿಶಿಂಗ್ ತಿಂದು ಬದುಕುವ ಜಾತಿ ಅದು. ಕಡಲೊಳಗೆ ಹೋಗುವ ಮಾಲು, ಯಾರು ಮುಳುಗಿ ನೋಡುತ್ತಾರೆ ಅಂತ ಇವನೂ ಕಲಿತುಬಿಟ್ಟ ಅಂದುಕೊಂಡೆ. ಅಚ್ಚು ಬಿಚ್ಚಿದ ರಿಂಗುಗಳನ್ನು ಹೋಗಿ ನೋಡಿದರೆ, ಅಯ್ಯೋ ಶಿವನೇ, ಸಿಡುಬು ಎದ್ದ ಮುಖ. ಜಲ್ಲಿ ಹಲ್ಲು ಕಿರಿಯುತ್ತಿದೆ, ಅಲ್ಲಲ್ಲಿ ಗುಳಿ. ಇದರ ಪಕ್ಕದಲ್ಲಿ ನಿಂತು ನಾನು ತಾಂಡವಪುರದವನು ಅಂತ ಹೇಳಿಕೊಳ್ಳುವುದು ಹೇಗೆ?

ಆಳುಗಳು ಬಿಡಿ ಬಿಡಿ ಅಂತ ಕೈಸನ್ನೆ ಮಾಡಿದರು. ಸೋಮಾರಿಗಳು ಎಲ್ಲಿದ್ದರೂ ಒಂದೇ ಅಂತ ಅಚ್ಚ ಕನ್ನಡದಲ್ಲಿ ಅವರಿಗೆ ಹೇಳಿದೆ. ಮಹದೇವಮ್ಮನಿಗೆ ಕೊಟ್ಟ ಮಾತು ಮೀರಲಿಲ್ಲ. ನಮ್ಮಪ್ಪನ ಕರಣೆ ತೆಗೆದು, ಸಿಮೆಂಟಿನ ಗಂಜಿ ಕಲಸಿ, ಬಿಸಿಲೆನ್ನದೆ ಒಂದೊಂದೇ ರಿಂಗಿನ ಒಳಮೈ ಹೊರಮೈ ತೀಡಿದೆ. ಸಿದ್ದರಾಜು ತಿರುಗಿ ಬರುವ ತನಕ ನನಗೆ ಅದೇ ಕೆಲಸ. ಒಂದು ರಿಂಗಂತೂ ಎಂಥದಾಯಿತು ಅಂದರೆ, ಬಗ್ಗಿದರೆ ನನ್ನ ನೆರಳು ಅದರಲ್ಲಿ ಆಡುತ್ತಿತ್ತು. ಅದಕ್ಕೆ ಮಾತ್ರ ಹೆಸರು ಗೀರಿದೆ. ಪಾಕ್ ದಿನ್ ಬಂದು ಸುತ್ತಲೂ ನೋಡಿ, ಏನೋ ಹೇಳಲು ಬಾಯಿ ತೆಗೆದು, ನನ್ನ ಮುಖ ನೋಡಿ ಸುಮ್ಮನೆ ಹೋದ. ಬೆರಗಾಗಿರಬೇಕು ಅಂದುಕೊಂಡೆ.

ಮೇಡಂ

ಬಾರ್ಜು ಬರುವುದಕ್ಕೆ ಮೂರು ದಿನ ಇದೆ ಅನ್ನುವಾಗ ಸಿದ್ದರಾಜು ಬಂದ. ಅವನ ಹಿಂದೆಯೇ ಜೀಪಿನಲ್ಲಿ ಮೀನುಗಾರಿಕೆ ಇಲಾಖೆಯ ಮೇಡಂ ಬಂದಳು, ರಿಂಗು ಪಾಸು ಮಾಡಲಿಕ್ಕೆ. ನೋರ್ ಅಂತ ಹೆಸರು. ನನ್ನ ಮಗಳಿಗಿಂತ ಚಿಕ್ಕವಳು, ತಲೆಗೆ ವಸ್ತ್ರ, ಕಾಲಿಗೆ ಗಮ್‌ಬೂಟು. ಸಿದ್ದರಾಜು ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಅವನೂ ಬೆರಗಾದ ಅಂತಲೇ ನಾನು ತಿಳಿದೆ.

ಮೇಡಂ ರಿಂಗಿನ ಮೇಲೆ ಕೈಯಾಡಿಸಿದಳು. ಮಗುವಿನ ಕೆನ್ನೆ ಸವರಿದ ಹಾಗೆ ನಿಧಾನವಾಗಿ ಸವರಿ, ವೆರಿ ಬ್ಯೂಟಿಫುಲ್ ಅಂದಳು. ನಾನು ಮೀಸೆ ತೀಡಿಕೊಂಡೆ. ಆಮೇಲೆ ತಲೆಯಲ್ಲಾಡಿಸಿ, ಕ್ಯಾನಾಟ್ ಲಾ ಅಂದಳು.

ಯಾಕೆ ಆಗೋಲ್ಲ ಅಂತ ನಾನು ಸಿದ್ದರಾಜು ಮೇಲೆ ರೇಗಿದೆ. ಅವನು ತಲೆ ಬಗ್ಗಿಸಿಕೊಂಡು ಅವಳು ಹೇಳಿದ್ದನ್ನೆಲ್ಲ ಹೇಳಿದ. ಕಡಲ ನೀರಲ್ಲಿ ಕಣ್ಣಿಗೆ ಕಾಣದ ಮರಿಗಳು ತೇಲುತ್ತಿರುತ್ತವಂತೆ, ಚಿಪ್ಪಿನ ಹುಳ, ಪಾಚಿ, ಅಂಥವು. ಅವಕ್ಕೆ ಹಿಡಿದುಕೊಳ್ಳಲು ಗುಳಿ ಬೇಕು, ತರಿ ಬೇಕು. ಮೊದಲು ಚಿಪ್ಪು ಕೂರಬೇಕು, ಅದರ ಮೇಲೆ ಪಾಚಿ, ಪಾಚಿ ಮೇಯಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡದು. ಜಾರುವ ಕಡೆ ಏನೂ ಕೂರೋಲ್ಲ. ಬಲೆಯೇನೋ ಹರಿದೀತು, ಮೀನು ನಿಲ್ಲಬೇಕಲ್ಲ. ಇಲ್ಲಿಗೆ ಬೇಕಾದದ್ದು ಅಚ್ಚಿನಿಂದ ಬಂದ ಆ ಸಿಡುಬಿನ ಮುಖವೇ.

ಪಾಚಿ ಹಿಡಿಯದ ಹಾಗೆ ರಿಂಗು ಮಾಡುವುದಕ್ಕೆ ನಮ್ಮ ಮನೆಯಲ್ಲಿ ಎರಡು ತಲೆಮಾರು ಸವೆದಿದೆ. ಇವರಿಗೆ ಪಾಚಿ ಬೇಕಂತೆ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಲು ಏನಾಗಿತ್ತು ರೋಗ ಅಂತ ಕೂಗಾಡಿದೆ.

ಸಿದ್ದರಾಜು ಜಗಳಕ್ಕೆ ಬರಲಿಲ್ಲ. "ಮುಟ್ಬ್ಯಾಡಿ ಅಂದಿದ್ನಲ್ಲ ಬಾವ," ಅಂದ, ಅಷ್ಟೆ. ಅವನ ಕೆಲಸ ಹೋಗುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಮಹದೇವಮ್ಮನ ಮಾತು ನನ್ನ ಕಿವಿಯಲ್ಲಿ ಗುಂಯ್ ಅಂದಿತು.

ಪಾಕ್ ದಿನ್ ದೂರದಲ್ಲಿ ಕೂತಿದ್ದ. ಬೈದಿದ್ದರೆ ಎದುರಾಡಬಹುದಿತ್ತು, ಬೈಯಲಿಲ್ಲ. ಎದ್ದು ಬಂದು ಸಿದ್ದರಾಜುವಿಗೆ ಒಂದೇ ಮಾತು ಹೇಳಿ ಮನೆ ಕಡೆ ನಡೆದ. ಏನಂದ ಅಂತ ಕೇಳಿದೆ. ನಿಮ್ಮ ಬಾವನಿಗೆ ಊಟ ಹಾಕು, ಬೆಳಿಗ್ಗೆಯಿಂದ ತಿಂದಿಲ್ಲ ಅಂದ ಅಂತ ಸಿದ್ದರಾಜು ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥವರ ಜೊತೆ ಹೇಗೆ ಜಗಳ ಆಡೋದು?

ಉಳಿ

ಮಧ್ಯಾಹ್ನ ನಾನು ಊಟ ಮುಟ್ಟದೆ ರಿಂಗಿನ ನೆರಳಲ್ಲಿ ಕೂತಿದ್ದೆ. ಮಕ್ ಸೋಮ್ ಸೊಂಟದ ಮೇಲೆ ಏನೋ ಹೊತ್ತುಕೊಂಡು, ಏದುಸಿರು ಬಿಡುತ್ತ ಬಂದಳು. ಅರೆಯುವ ಕಲ್ಲು. ಅದನ್ನು ನನ್ನ ಎದುರಿಗೆ ಇಟ್ಟು, ನನ್ನ ಕೈ ಹಿಡಿದು ಕಲ್ಲಿನ ಮೇಲೆ ಆಡಿಸಿದಳು. ನಾನೇ ಕುಟ್ಟಿದ ಮುಳ್ಳು ಚುರುಚುರು ಅಂದಿತು. ಆಮೇಲೆ ಅದೇ ಕೈಯನ್ನು ಎತ್ತಿ ನನ್ನ ರಿಂಗಿನ ಮೇಲೆ ಆಡಿಸಿದಳು. ಜಾರಿತು. ಸೆರಗಿನಂಥ ಬಟ್ಟೆಯ ಗಂಟಿನಿಂದ ಉಳಿ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಇನ್ನೊಂದು ಗಳಿಗೆ ತಡೆದಿದ್ದರೆ ನನಗೇ ಹೊಳೆಯುತ್ತಿತ್ತು. ಈ ಹೆಂಗಸಿಗೆ ಆತುರ.

ಅವತ್ತು ಸಂಜೆಗೆ ಊರಿನಲ್ಲಿದ್ದ ಉಳಿ, ಸುತ್ತಿಗೆ, ಕೊಡಲಿ, ಕೊನೆಗೆ ತೆಂಗಿನಕಾಯಿ ಸುಲಿಯುವ ಕಬ್ಬಿಣವೂ ಅಂಗಳಕ್ಕೆ ಬಂತು. ಗಂಡಸರು, ಹೆಂಗಸರು, ನಾಲ್ಕಾರು ದೇಶದ ಆಳುಗಳು ಎಲ್ಲ ಕುಟ್ಟಲು ಕೂತರು. ಉಳಿಯನ್ನು ನೆಟ್ಟಗೆ ಹಿಡಿದರೆ ರಿಂಗು ಸೀಳುತ್ತದೆ, ಓರೆಯಾಗಿ ಹಿಡಿದು ಚಕ್ಕೆ ಹಾರಿಸಬೇಕು ಅಂತ ಒಬ್ಬೊಬ್ಬರ ಕೈ ಹಿಡಿದು ತೋರಿಸಿದೆ. ಎರಡನೇ ದಿನಕ್ಕೆ ಆ ಅಂಗಳದಲ್ಲಿ ಮಾತು ಕೇಳುತ್ತಿರಲಿಲ್ಲ, ಬರೀ ಟಕಟಕ. ನನ್ನ ಕರಣೆ ಕೊಟ್ಟ ಹೊಳಪನ್ನು ನನ್ನ ಕೈಯಾರೆ ಕಿತ್ತು ಹಾಕುತ್ತಿದ್ದೆ. ಹೊಟ್ಟೆ ಉರಿಯಿತು ಕಣ್ರೀ, ಸುಳ್ಳು ಯಾಕೆ ಹೇಳಲಿ. ನಮ್ಮಪ್ಪ ನೋಡಿದ್ದರೆ ಉಳಿ ಕಿತ್ತುಕೊಂಡು ನನಗೇ ಕುಟ್ಟುತ್ತಿದ್ದ.

ಹೆಸರು ಗೀರಿದ್ದ ಆ ಒಂದು ರಿಂಗಿಗೆ ಮಾತ್ರ ಯಾರನ್ನೂ ಹತ್ತಿರ ಬಿಡಲಿಲ್ಲ. ಶೆಡ್ಡಿನ ಹಿಂದೆ ಉರುಳಿಸಿ ಗೋಣಿತಾಟು ಹೊದಿಸಿದೆ.

ಮೇಡಂ ಮತ್ತೆ ಬಂದಳು. ಒಂದೊಂದನ್ನೂ ತಡವಿ ಪಾಸು ಮಾಡಿದಳು. ಆಮೇಲೆ ಗೋಣಿತಾಟಿನ ಕಡೆ ಕೈ ತೋರಿಸಿ ಅದೇನು ಅಂದಳು. ಅದು ನನ್ನದು, ಅದನ್ನು ಕುಟ್ಟೋಲ್ಲ, ಮೀನಿಗೆ ಬುದ್ಧಿ ಇದ್ದರೆ ಚೆನ್ನಾಗಿರೋ ಮನೆಯಲ್ಲೇ ಇರುತ್ತೆ ಅಂತ ಹೇಳಿಸಿದೆ. ಅವಳು ನಗಲಿಲ್ಲ. ಜೀಪಿಗೆ ಹತ್ತುವಾಗ, ಕುಟ್ಟಿದ್ದು ಒಂದು, ಕುಟ್ಟದ್ದು ಒಂದು, ಎರಡನ್ನೂ ಜಟ್ಟಿಯ ಪಕ್ಕದ ನೀರಿಗೆ ಇಳಿಸಿ, ಮೀನನ್ನೇ ಕೇಳೋಣ ಅಂದಳು. ಜಟ್ಟಿ ಅಂದರೆ ದೋಣಿ ಕಟ್ಟುವ ಮರದ ಕಟ್ಟೆ. ಇಳಿತದ ಹೊತ್ತಿಗೆ ಅಲ್ಲಿ ಮೊಣಕಾಲುದ್ದದ ನೀರು ಉಳಿಯುತ್ತದೆ. ಹಾಗೇ ಇಳಿಸಿದರು.

ಬಾರ್ಜು

ಬಾರ್ಜು ಬಂದ ದಿನ ಪಾಕ್ ದಿನ್ ನನ್ನನ್ನು ತನ್ನ ದೋಣಿಯಲ್ಲಿ ಕೂರಿಸಿಕೊಂಡು ಹೊರಟ. ನರಸೀಪುರದ ಸಂಗಮದಲ್ಲಿ ಮಳೆಗಾಲದ ಸುಳಿಗೆ ತೆಪ್ಪ ಹಾಕಿದವನು ನಾನು, ಇದೇನು ಮಹಾ ಅಂತ ಮುಂದುಗಡೆಯೇ ಕೂತೆ. ದಡ ಮರೆಯಾಗುವ ಮೊದಲೇ ತೆಂಗಿನ ಹಾಲಿನ ಅನ್ನ, ಪುಡಿಮೀನು, ಗೊಜ್ಜು, ಎಲ್ಲವನ್ನೂ ಕಡಲಿಗೇ ವಾಪಸು ಕೊಟ್ಟೆ. ಹೊಳೆ ಒಂದು ಕಡೆಗೆ ಹರಿಯುತ್ತದೆ, ಅದಕ್ಕೊಂದು ನಿಯತ್ತು ಇದೆ. ಕಡಲು ನಿಂತಲ್ಲೇ ಕುಣಿಯುತ್ತದೆ.

ಬಾರ್ಜಿನ ಕ್ರೇನು ಒಂದೊಂದೇ ರಿಂಗು ಎತ್ತಿ ನೀರಿಗೆ ಬಿಟ್ಟಿತು. ಬಾವಿಗೆ ರಿಂಗು ಇಳಿಸುವುದನ್ನು ಸಾವಿರ ಸಲ ನೋಡಿದ್ದೇನೆ. ಕೂತ ಮೇಲೂ ಬಗ್ಗಿ ನೋಡಿದರೆ ಕಾಣುತ್ತದೆ, ಮನೆಯವರು ದೀಪ ಹಚ್ಚುತ್ತಾರೆ, ಪಾಯಸ ಮಾಡುತ್ತಾರೆ. ಇಲ್ಲಿ ಒಂದು ಗುಳುಕ್, ನಾಲ್ಕು ಗುಳ್ಳೆ, ಮುಗಿಯಿತು. ಅಷ್ಟು ಜನ ಎರಡು ದಿನ ಕುಟ್ಟಿದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊನೆಯದು ಇಳಿದ ಮೇಲೆ ಪಾಕ್ ದಿನ್ ಎರಡು ಅಂಗೈ ಎತ್ತಿ ಹಿಡಿದು, ಮುಖ ಸವರಿಕೊಂಡ. ನಾನೂ ಕಪಿಲೆಯ ಕಡೆ ಯಾವ ದಿಕ್ಕು ಅಂತ ಗೊತ್ತಾಗದೆ ಸುಮ್ಮನೆ ಒಂದು ಸಲ ಕೈ ಮುಗಿದೆ.

ಆಮೇಲೆ ಒಂದು ತಿಂಗಳು ನಾನು ಅಲ್ಲೇ ಇದ್ದೆ, ಅಂಗಳ ಖಾಲಿ ಮಾಡಿಸುವ ಕೆಲಸ ಇತ್ತು. ಒಂದು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗುಡಿಸುವ ಬಲೆಯ ದೊಡ್ಡ ದೋಣಿಯೊಂದು ರಿಂಗಿನ ಗುಡ್ಡೆಗೆ ಬಲೆ ಸಿಕ್ಕಿಸಿಕೊಂಡು, ಅರ್ಧ ಬಲೆ ಅಲ್ಲೇ ಬಿಟ್ಟು ಹೋಗಿದೆಯಂತೆ. ಅದರ ಗೆಳೆಯರು ಯಾರೂ ಈ ಕಡೆ ಮುಖ ಹಾಕಿಲ್ಲವಂತೆ. ಪಾಕ್ ದಿನ್ ಅಂದು ನನ್ನ ಚಹಾಕ್ಕೆ ಹಾಲು ಜಾಸ್ತಿ ಹಾಕಿಸಿದ. ಅದೇ ಅವನ ಭಾಷಣ.

ಜಟ್ಟಿ

ಹೊರಡುವುದಕ್ಕೆ ಮೂರು ನಾಲ್ಕು ದಿನ ಮುಂಚೆ ಇಳಿತದ ಹೊತ್ತಿನಲ್ಲಿ ನಾನು, ಸಿದ್ದರಾಜು, ಪಾಕ್ ದಿನ್ ಮೂವರೂ ಜಟ್ಟಿಗೆ ಹೋದೆವು. ಕುಟ್ಟಿದ ರಿಂಗಿನ ಬಣ್ಣವೇ ಕಾಣುತ್ತಿರಲಿಲ್ಲ. ಮೈ ತುಂಬ ಬಿಳಿ ಚಿಪ್ಪು, ಅವುಗಳ ನಡುವೆ ಹಸಿರು ಕೂದಲು, ತೂತಿನೊಳಗೆ ಬೆರಳುದ್ದದ ಪಟ್ಟೆಮೀನುಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಪಕ್ಕದಲ್ಲಿ ನನ್ನದು, ಸ್ವಲ್ಪ ಲೋಳೆ ಬಿಟ್ಟರೆ ನಿನ್ನೆ ಅಚ್ಚಿನಿಂದ ಬಂದ ಹಾಗೆ ತಳತಳ. ಒಂದು ಮೀನೂ ಇಲ್ಲ. ಎರಡು ತಲೆಮಾರಿನ ಕಸುಬು ಸುಳ್ಳಲ್ಲ, ಪಾಚಿ ಕಟ್ಟಿರಲಿಲ್ಲ.

ಸಿದ್ದರಾಜು ಬಗ್ಗಿ ನೋಡಿ, ಬಾವ ಇಲ್ಲಿ ನೋಡಿ ಅಂದ. ಮೊಳೆಯಲ್ಲಿ ಗೀರಿದ ಕಡೆ, ಆ ಗೀರಿನ ಉದ್ದಕ್ಕೂ ಸಾಲಾಗಿ ಪುಟ್ಟ ಪುಟ್ಟ ಚಿಪ್ಪುಗಳು ಕೂತಿದ್ದವು. ಆ ರಿಂಗಿನಲ್ಲಿ ಅವಕ್ಕೆ ಕೈಹಿಡಿಯಲು ಸಿಕ್ಕಿದ್ದ ಜಾಗ ಅದೊಂದೇ. ಪುಟ್ಟಸ್ವಾಮಿ, ತಾಂಡವಪುರ. ಬಿಳಿ ಅಕ್ಷರ, ಒಂದೂ ತಪ್ಪಿಲ್ಲ, ಹಲ್ಲಿನ ಹಾಗೆ ಎದ್ದು ಕಾಣುತ್ತಿತ್ತು.

ಪಾಕ್ ದಿನ್ ನೀರಿಗೆ ಇಳಿದು ಅಕ್ಷರಗಳ ಮೇಲೆ ಬೆರಳಾಡಿಸಿದ. ತುಂಬ ಹೊತ್ತು ಆಡಿಸಿ, ಏನು ಬರೆದಿದೆ ಅಂತ ಕೇಳಿದ.

"ಏನ್ ಏಳ್ಲಿ ಬಾವ?" ಅಂದ ಸಿದ್ದರಾಜು.

ನನ್ನ ಹೆಸರು ಅಂತ ಹೇಳಲು ನಾಚಿಕೆಯಾಯಿತು. ಮೀನೊಂದೂ ಇಲ್ಲದ ಮನೆಗೆ ಯಜಮಾನ ಅಂತ ಹೇಳಿಕೊಳ್ಳುವುದೇ? "ಇಲ್ಲಿ ಬಂದು ಕೂತ್ಕಳಿ ಅಂತ ಬರ್ದದೆ ಅನ್ನು ಕಣ್ಲಾ," ಅಂದೆ.

ಸಿದ್ದರಾಜು ನಗು ತಡೆದುಕೊಂಡು ಹೇಳಿದ. ಪಾಕ್ ದಿನ್ ನಗಲಿಲ್ಲ. ಚಿಪ್ಪುಗಳನ್ನು ಮತ್ತೊಂದು ಸಲ ನೋಡಿ, ಬರೆದ ಹಾಗೇ ಕೂತಿವೆ ಅಂತ ತಲೆದೂಗಿದ.

ಬಸ್ಸು

ಹೊರಡುವ ದಿನ ಗಾಳಿ ಆಗಲೇ ತಿರುಗಿತ್ತು. ಮಕ್ ಸೋಮ್ ಒಂದು ಡಬ್ಬಿ ಗೊಜ್ಜು ಕೊಟ್ಟಳು, ಮಹದೇವಮ್ಮನಿಗೆ. ಅದರಲ್ಲಿ ಒಂದು ಬೀಜವೂ ಕಾಣುತ್ತಿರಲಿಲ್ಲ. ಬಸ್ಸಿಗೆ ಹೋಗುವ ದಾರಿ ದಂಡೆಯ ಮೇಲೇ ಇತ್ತು. ಮಳೆಗಾಲಕ್ಕೆ ದೋಣಿಗಳನ್ನೆಲ್ಲ ಮೇಲೆ ಎಳೆದು ಹಾಕಿದ್ದರು. ಪಾಕ್ ದಿನ್ ತನ್ನ ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ, ಕೈಯಲ್ಲಿ ಕುಂಚ. ದೋಣಿಗೆ ಬಣ್ಣ ಬಳಿದಿದ್ದ. ಮೈಯೆಲ್ಲ ನೀಲಿ, ಅಂಚಿಗೆ ಹಳದಿ.

ಅದರ ಮೂತಿಯ ಮೇಲೆ, ಬೇರೆ ದೋಣಿಗಳಿಗೆ ಹೂಬಳ್ಳಿ ಇರುವ ಜಾಗದಲ್ಲಿ, ಕೆಂಪು ಬಣ್ಣದಲ್ಲಿ ನನ್ನ ಹೆಸರಿತ್ತು. ಜಟ್ಟಿಗೆ ಹೋಗಿ ನೋಡಿ ನೋಡಿ ಬರೆದಿದ್ದಾನೆ. ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿದ್ದವು. ಆದರೂ ಓದಬಹುದಿತ್ತು. ಮೀನುಗಳಿಗೆ ಇಲ್ಲಿ ಬಂದು ಕೂತ್ಕಳಿ ಅಂತ ಹೇಳುತ್ತಿದ್ದಾನೆ ಮುದುಕ.

ನಿಜ ಹೇಳಿಬಿಡಲಾ ಬಾವ ಅಂತ ಸಿದ್ದರಾಜು ಮೆಲ್ಲಗೆ ಕೇಳಿದ. ಬ್ಯಾಡ, ಸುಮ್ಕಿರು ಅಂದೆ.

ಹತ್ತಿರ ಹೋಗಿ ಬಣ್ಣದ ಮೇಲೆ ಬೆರಳಿಟ್ಟೆ. ಹಲಗೆಯನ್ನು ಸರಿಯಾಗಿ ಉಜ್ಜದೆ ಬಳಿದಿದ್ದ, ಕೈಗೆ ತರಿತರಿಯಾಗಿ ಸಿಕ್ಕಿತು. ಮೊದಲು ನುಣ್ಣಗೆ ತೀಡಿ ಆಮೇಲೆ ಬಳೀಬೇಕಪ್ಪ ಅಂತ ಹೇಳಲು ಬಾಯಿಗೆ ಬಂತು. ನುಂಗಿಕೊಂಡು ಬಸ್ಸು ಹತ್ತಿದೆ.